ಹನ್ನೊಂದು ತಿಂಗಳ ಮನೆ

ಹೊಸಕೋಟೆಯಲ್ಲಿ ಬಾಡಿಗೆ ಕರಾರು ಪತ್ರ ಮಾಡಿಸಲು ಹತ್ತು ನಿಮಿಷ ಸಾಕು. ಟೈಪಿಂಗ್ ಅಂಗಡಿಗೆ ಹೋಗಿ ಇಬ್ಬರ ಆಧಾರ್ ಕಾರ್ಡಿನ ಜೆರಾಕ್ಸ್ ಕೊಟ್ಟರೆ, ಕಂಪ್ಯೂಟರಿನಲ್ಲಿ ಮೊದಲೇ ಇರುವ ಹಳೆಯ ಪತ್ರವೊಂದನ್ನು ತೆರೆದು ಹೆಸರು, ಬಾಡಿಗೆ, ಅಡ್ವಾನ್ಸು, ತಾರೀಕು ಇಷ್ಟನ್ನು ಬದಲಿಸಿ ಇ-ಸ್ಟಾಂಪ್ ಕಾಗದದ ಮೇಲೆ ಪ್ರಿಂಟ್ ತೆಗೆದುಕೊಡುತ್ತಾರೆ. ಪರಿಚಯದ ಕಾರ್ಮಿಕರೊಬ್ಬರು ತಮ್ಮ ಪತ್ರವನ್ನು ನನಗೆ ಓದಲು ಕೊಟ್ಟಿದ್ದರು. ಅವಧಿ ಹನ್ನೊಂದು ತಿಂಗಳು. ಆಮೇಲೆ ಮುಂದುವರಿಸುವುದಾದರೆ ಬಾಡಿಗೆ ಶೇ 5 ಹೆಚ್ಚು. ಮನೆ ಬಿಡುವಾಗ ಬಣ್ಣ ಹೊಡೆಸುವ ಲೆಕ್ಕಕ್ಕೆ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳತಕ್ಕದ್ದು. ಮಾಲೀಕರು ಕೇಳಿದಾಗ ಮನೆ ಖಾಲಿ ಮಾಡತಕ್ಕದ್ದು. ಗೋಡೆಗೆ ಮೊಳೆ ಹೊಡೆಯಕೂಡದು, ಒಳಬಾಡಿಗೆಗೆ ಕೊಡಕೂಡದು, ನೆಂಟರನ್ನು ಹೆಚ್ಚು ದಿನ ಇಟ್ಟುಕೊಳ್ಳಕೂಡದು. ಎರಡು ಪುಟದ ಆ ಪತ್ರದಲ್ಲಿ ಬಾಡಿಗೆದಾರನ ಹಕ್ಕು ಎಂದು ಹೇಳಬಹುದಾದ ಒಂದು ಸಾಲನ್ನು ಹುಡುಕಿದೆ, ಸಿಗಲಿಲ್ಲ. ಅಡ್ವಾನ್ಸು ಎಷ್ಟು ದಿನದಲ್ಲಿ ವಾಪಸು ಬರುತ್ತದೆ ಎಂಬುದೂ ಇರಲಿಲ್ಲ. ಮೂಲ ಪತ್ರ ಮಾಲೀಕರ ಹತ್ತಿರ, ಇವರ ಹತ್ತಿರ ಮೊಬೈಲಿನಲ್ಲಿ ತೆಗೆದ ಫೋಟೊ.

ಹನ್ನೊಂದು ತಿಂಗಳೇ ಏಕೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಅವಧಿಗೆ ಮನೆ ಕೊಡುವುದಾದರೆ ಪತ್ರ ನೋಂದಣಿಯಾಗಬೇಕು. 1908ರ ನೋಂದಣಿ ಕಾಯ್ದೆ ಹೇಳುವುದೂ ಅದನ್ನೇ. ನೋಂದಣಿ ಎಂದರೆ ಸಬ್‌ರಿಜಿಸ್ಟ್ರಾರ್ ಕಚೇರಿ, ಶುಲ್ಕ, ಅರ್ಧ ದಿನದ ಕೆಲಸ ಹಾಳು. ಅದನ್ನು ತಪ್ಪಿಸಿಕೊಳ್ಳಲು ಹುಟ್ಟಿದ್ದು ಹನ್ನೊಂದು ತಿಂಗಳು. ಹತ್ತು ವರ್ಷದಿಂದ ಒಂದೇ ಮನೆಯಲ್ಲಿ ಇರುವವರೂ ಕಾಗದದ ಲೆಕ್ಕದಲ್ಲಿ ಹನ್ನೊಂದು ತಿಂಗಳ ವಾಸಿಗಳೇ.

ಇಂಥ ವಾಸಿಗಳು ಹೊಸಕೋಟೆಯಲ್ಲಿ ಎಷ್ಟಿದ್ದಾರೆ ಎಂದು ಊರನ್ನು ನೋಡಿದರೆ ತಿಳಿಯುತ್ತದೆ. 2001ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ಸುಮಾರು 36 ಸಾವಿರ, 2011ರಲ್ಲಿ ಸುಮಾರು 57 ಸಾವಿರ. 2021ರಲ್ಲಿ ಆಗಬೇಕಿದ್ದ ಗಣತಿ ಆಗಲಿಲ್ಲ. ನಿಜವಾದ ಬೆಳವಣಿಗೆ ಬಂದದ್ದು ಆ ಎಣಿಸದ ವರ್ಷಗಳಲ್ಲೇ. ಹಳೇ ಮದ್ರಾಸ್ ರಸ್ತೆಯ ಈ ಊರಿಗೆ ಒಂದು ಕಡೆ ಪಿಳ್ಳಗುಂಪೆ ಕೈಗಾರಿಕಾ ಪ್ರದೇಶ, ಇನ್ನೊಂದು ಕಡೆ ವೋಲ್ವೊ ಬಸ್ ಕಾರ್ಖಾನೆ, ದೇವನಗೊಂದಿಯ ತೈಲ ಡಿಪೊಗಳು, ರಸ್ತೆಯುದ್ದಕ್ಕೂ ಆನ್‌ಲೈನ್ ಕಂಪನಿಗಳ ಗೋದಾಮುಗಳು. ಕೋಲಾರದ ದಾರಿ ಹಿಡಿದರೆ ನರಸಾಪುರ: ಹೋಂಡಾ ಇದೆ, ವಿಸ್ಟ್ರಾನ್ ಆರಂಭಿಸಿ ಈಗ ಟಾಟಾ ಎಲೆಕ್ಟ್ರಾನಿಕ್ಸ್ ಕೈಗೆ ಬಂದಿರುವ ಐಫೋನ್ ಕಾರ್ಖಾನೆ ಇದೆ. 2023ರ ಮಾರ್ಚಿನಲ್ಲಿ ಮೆಟ್ರೊ ಕಾಡುಗೋಡಿಗೆ ಬಂತು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಶುರುವಾಗುವುದೇ ಹೊಸಕೋಟೆಯಿಂದ. ವೈಟ್‌ಫೀಲ್ಡಿನ ಬಾಡಿಗೆ ಕೈಗೆಟುಕದವರು ಪೂರ್ವಕ್ಕೆ ಸರಿದರು. ರಾಯಚೂರು, ಯಾದಗಿರಿ, ಕಲಬುರಗಿಯಿಂದ, ಬಿಹಾರ, ಒಡಿಶಾ, ಅಸ್ಸಾಮಿನಿಂದ ಬಂದವರು ಇಲ್ಲೇ ಇಳಿದರು. ಕಾರ್ಖಾನೆಗೆ ಜಾಗ, ನೀರು, ವಿದ್ಯುತ್ತು, ರಸ್ತೆ ಎಲ್ಲವನ್ನೂ ಸರ್ಕಾರ ಯೋಜಿಸಿತು. ಕೆಲಸಗಾರ ರಾತ್ರಿ ಎಲ್ಲಿ ಮಲಗುತ್ತಾನೆ ಎಂಬುದನ್ನು ಮಾತ್ರ ಊರಿನವರಿಗೆ ಬಿಟ್ಟಿತು.

ಊರಿನವರು ಕಟ್ಟಿದ್ದು ಸಾಲುಮನೆ. ಒಂದೇ ಗೋಡೆಯ ಆಚೀಚೆ ಎಂಟೋ ಹತ್ತೋ ಕೋಣೆಗಳು, ಮೇಲೆ ಶೀಟು. ಬಾಗಿಲು ತೆರೆದರೆ ಹತ್ತಡಿಗೆ ಹತ್ತಡಿಯ ಒಂದು ಕೋಣೆ, ಮೂಲೆಯಲ್ಲಿ ಸ್ಲ್ಯಾಬು, ಅದರ ಮೇಲೆ ಗ್ಯಾಸ್ ಒಲೆ. ಕಕ್ಕಸು, ಬಚ್ಚಲು ಕೊನೆಯಲ್ಲಿ, ಎಲ್ಲರಿಗೂ ಸೇರಿ. ಸಂಪಿನ ಮೋಟರು ಹಾಕುವುದು ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಆ ಹೊತ್ತಿಗೆ ಶಿಫ್ಟಿನಲ್ಲಿ ಇದ್ದವರ ಬಿಂದಿಗೆಯನ್ನು ಪಕ್ಕದ ಮನೆಯ ಹೆಂಗಸು ತುಂಬಿಸಿಡಬೇಕು. ಏಪ್ರಿಲ್ ತಿಂಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಂದ ಹುಡುಗರು ಶೀಟಿನ ಕೆಳಗೆ ಹಗಲು ನಿದ್ದೆ ಮಾಡಲಾಗದೆ ಹೊರಗೆ ಹೊಂಗೆ ಮರದ ಬುಡದಲ್ಲಿ ಚಾಪೆ ಹಾಸಿಕೊಳ್ಳುವುದನ್ನು ಕಂಡಿದ್ದೇನೆ. ಒಂದು ಸಾಲಿಗೆ ಬೆಸ್ಕಾಂ ಮೀಟರು ಒಂದೇ ಇದ್ದರೆ ಉಚಿತ ವಿದ್ಯುತ್ತಿನ ಗೃಹಜ್ಯೋತಿಯೂ ಇವರ ಪಾಲಿಗೆ ಇಲ್ಲ. 2023ರಲ್ಲಿ ಜಾರಿಗೆ ಬಂದ ಆ ಯೋಜನೆ ಬಾಡಿಗೆದಾರರಿಗೂ ಉಂಟು. ಆದರೆ 200 ಯೂನಿಟ್ಟಿನ ಲೆಕ್ಕ ಮೀಟರಿಗೆ, ಕುಟುಂಬಕ್ಕಲ್ಲ. ಹತ್ತು ಸಂಸಾರ ಒಂದು ಮೀಟರಿನಲ್ಲಿ ಸೇರಿದರೆ ತಿಂಗಳು ತುಂಬುವ ಮೊದಲೇ ಮಿತಿ ದಾಟುತ್ತದೆ. ರಾಜ್ಯದ ಅತಿ ಬಡ ಬಾಡಿಗೆದಾರರೇ ಹೀಗೆ ದುಡ್ಡು ಕೊಟ್ಟು ಕರೆಂಟು ಉರಿಸುತ್ತಾರೆ.

ಈ ಸಾಲುಮನೆಯ ಒಡೆಯರನ್ನು ಸಿನಿಮಾದ ಸಾಹುಕಾರರಂತೆ ಚಿತ್ರಿಸುವುದು ಅನ್ಯಾಯ. ನಾನು ಕಂಡ ಮಟ್ಟಿಗೆ ಅವರಲ್ಲಿ ಹೆಚ್ಚಿನವರು ಮೊನ್ನೆ ಮೊನ್ನೆಯವರೆಗೆ ದ್ರಾಕ್ಷಿ, ರಾಗಿ, ತರಕಾರಿ ಬೆಳೆದವರು. ಅರ್ಧ ಜಮೀನು ಸರ್ಕಾರದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೋ (ಕೆಐಎಡಿಬಿ) ರಸ್ತೆಗೋ ಹೋಯಿತು, ಬಂದ ಪರಿಹಾರದಲ್ಲಿ ಮಗಳ ಮದುವೆ, ಒಂದು ಬೊಲೆರೊ, ಉಳಿದದ್ದರಲ್ಲಿ ಹತ್ತು ಕೋಣೆ. ಆ ಬಾಡಿಗೆಯೇ ಈಗ ಅವರ ಬೆಳೆ. ಮಳೆ ಕೈಕೊಟ್ಟರೆ ಹೇಗೋ ಹಾಗೆ, ಎರಡು ಕೋಣೆ ಮೂರು ತಿಂಗಳು ಖಾಲಿ ಬಿದ್ದರೆ ಅವರ ಮನೆಯಲ್ಲೂ ಚಿಂತೆ ಶುರುವಾಗುತ್ತದೆ.

ಅವರಿಗೆ ಇನ್ನೊಂದು ನೆನಪೂ ಇದೆ. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಗೇಣಿ ಪದ್ಧತಿಯನ್ನೇ ರದ್ದು ಮಾಡಿತು. ಉಳುವವನು ಅರ್ಜಿ ಹಾಕಿ ಹೊಲದ ಒಡೆಯನಾದ. ಈ ರಾಜ್ಯ ಮಾಡಿದ ದೊಡ್ಡ ಕೆಲಸಗಳಲ್ಲಿ ಅದು ಒಂದು. ಆದರೆ ಅದರ ನೆರಳು ಮನೆ ಬಾಡಿಗೆಯ ಮೇಲೂ ಬಿತ್ತು. ‘ಹೆಚ್ಚು ವರ್ಷ ಬಿಟ್ಟರೆ ಮನೆ ಕೈಬಿಟ್ಟು ಹೋಗುತ್ತೆ’ ಎಂದು ಇವತ್ತಿಗೂ ಹಳೆಯ ತಲೆಗಳು ಹೇಳುವುದು ಆ ಭಯದಿಂದ. ಮನೆ ಬಾಡಿಗೆಗೂ ಗೇಣಿ ರದ್ದತಿಗೂ ಕಾನೂನಿನಲ್ಲಿ ಯಾವ ಸಂಬಂಧವೂ ಇಲ್ಲ, ಬಾಡಿಗೆ ಕೊಟ್ಟುಕೊಂಡು ಇದ್ದವರು ಎಷ್ಟು ವರ್ಷ ಇದ್ದರೂ ಒಡೆಯರಾಗುವುದಿಲ್ಲ. ಭಯಕ್ಕೆ ಇದೆಲ್ಲ ಗೊತ್ತಿಲ್ಲ.

ಇನ್ನು ಕಾನೂನಿನ ಕತೆ. ಯುದ್ಧಕಾಲದ ಮನೆಯ ಅಭಾವದಲ್ಲಿ ಬಾಡಿಗೆ ನಿಯಂತ್ರಣ ದೇಶದ ಎಲ್ಲ ಕಡೆ ಬಂತು. ಮೈಸೂರು ರಾಜ್ಯದಲ್ಲಿ 1951ರ ಕಾಯ್ದೆ, ಏಕೀಕರಣದ ನಂತರ 1961ರ ಬಾಡಿಗೆ ನಿಯಂತ್ರಣ ಕಾಯ್ದೆ. ಆ ಕಾಲದಲ್ಲಿ ಮನೆ ಖಾಲಿಯಾದರೆ ಮಾಲೀಕರು ರೆಂಟ್ ಕಂಟ್ರೋಲರಿಗೆ ತಿಳಿಸಬೇಕಿತ್ತು, ಯಾರಿಗೆ ಕೊಡಬೇಕೆಂದು ಅಧಿಕಾರಿ ಆದೇಶಿಸಬಹುದಿತ್ತು. ಬೆಂಗಳೂರಿನ ಹಳೆಯ ಬಡಾವಣೆಗಳ ಹಿರಿಯರಿಗೆ ಇದು ನೆನಪಿರಬಹುದು. ಬಾಡಿಗೆ ಹೆಪ್ಪುಗಟ್ಟಿತು, ಬಿಡಿಸುವ ದಾವೆಗಳು ತಲೆಮಾರು ದಾಟಿದವು. ಮಾಲೀಕರು ರಿಪೇರಿ ಮಾಡಿಸುವುದನ್ನು ಬಿಟ್ಟರು, ಬಾಡಿಗೆಗೆಂದೇ ಮನೆ ಕಟ್ಟಲು ಹಿಂಜರಿದರು. ಆ ಕಾಯ್ದೆ ಬಡವರಿಗೆ ನೆರವಾಗಬೇಕೆಂದೇ ಬಂದದ್ದು, ಆದರೆ ಅದರ ಲಾಭ ಆಗಲೇ ಮನೆ ಹಿಡಿದಿದ್ದವರಿಗೆ ಸಿಕ್ಕಿತು. ಹೊಸದಾಗಿ ಊರಿಗೆ ಬಂದವರಿಗೆ ಮನೆಯೇ ಸಿಗದಂತಾಯಿತು.

ಇದನ್ನು ಸರಿಪಡಿಸಲು ಬಂದದ್ದು ಕರ್ನಾಟಕ ಬಾಡಿಗೆ ಕಾಯ್ದೆ, 1999. ಜಾರಿಗೆ ಬಂದದ್ದು 2001ರ ಡಿಸೆಂಬರ್ 31ರಂದು. ಸಕಾರಣವಿಲ್ಲದೆ ಮನೆ ಬಿಡಿಸಲಾಗದು, ಇಂತಿಂಥ ಕಾರಣಕ್ಕೆ ಮಾತ್ರ ಬಿಡಿಸಬಹುದು ಎಂಬ ರಕ್ಷಣೆ ಅದರಲ್ಲೂ ಇದೆ. ಆದರೆ ಯಾರಿಗೆ? ದೊಡ್ಡ ನಗರಗಳ ಪಟ್ಟಿಯಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗೆ, ಉಳಿದ ಕಡೆ 2,000 ರೂಪಾಯಿ ಮೀರಿದ ಮನೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಹೊಸದಾಗಿ ಕಟ್ಟಿದ ಮನೆಗೆ ಹದಿನೈದು ವರ್ಷ ವಿನಾಯಿತಿ ಬೇರೆ. 2001ರಲ್ಲಿ ಆ ಮೊತ್ತಕ್ಕೆ ಒಂದು ಅರ್ಥವಿತ್ತು, ಮಧ್ಯಮ ವರ್ಗದ ಕೆಳಗಿನವರಿಗೆಲ್ಲ ಕಾನೂನಿನ ಕೊಡೆ ಹಿಡಿದಂತಿತ್ತು. ಇವತ್ತು ಹೊಸಕೋಟೆಯಲ್ಲಿ 2,000 ರೂಪಾಯಿಗೆ ಶೀಟಿನ ಕೋಣೆಯೂ ಹುಟ್ಟುವುದಿಲ್ಲ. ಅಂದರೆ ಕಾಯ್ದೆ ಪುಸ್ತಕದಲ್ಲಿ ಜೀವಂತವಾಗಿದ್ದರೂ ಈ ಊರಿನ ಬಾಡಿಗೆದಾರರಲ್ಲಿ ಹೆಚ್ಚುಕಡಿಮೆ ಎಲ್ಲರೂ ಅದರ ಹೊರಗಿದ್ದಾರೆ. ಬಡವರ ಮನೆಯನ್ನು ರೂಪಾಯಿಯ ಲೆಕ್ಕದಲ್ಲಿ ಗುರುತಿಸಿ, ಆ ಲೆಕ್ಕವನ್ನು ಬೆಲೆ ಏರಿಕೆಯ ಜೊತೆ ಬೆಳೆಯಲು ಬಿಡದಿದ್ದದ್ದು ಆ ಕಾಯ್ದೆಯ ಮೂಲ ದೋಷ ಎಂದು ನಾನು ಭಾವಿಸುತ್ತೇನೆ.

ಹೊರಗಿರುವವರಿಗೆ ಉಳಿದದ್ದು ಮತ್ತೆ 1882ರ ಕಾಯ್ದೆ. ಅದರ 106ನೇ ಸೆಕ್ಷನ್ ಪ್ರಕಾರ ತಿಂಗಳ ಬಾಡಿಗೆಯ ಮನೆ ಬಿಡಿಸಲು ಹದಿನೈದು ದಿನದ ನೋಟಿಸು ಸಾಕು, ಕಾರಣ ಹೇಳಬೇಕಾಗಿಲ್ಲ. ಹಾಗೆಂದು ನೋಟಿಸಿನ ಮರುದಿನ ಸಾಮಾನು ಹೊರಗೆ ಹಾಕಲು, ಬೀಗ ಜಡಿಯಲು ಯಾರಿಗೂ ಅಧಿಕಾರವಿಲ್ಲ, ನ್ಯಾಯಾಲಯದ ಮೂಲಕವೇ ಬಿಡಿಸಬೇಕು. ದೌರ್ಜನ್ಯದಿಂದ ಹೊರಹಾಕಿಸಿಕೊಂಡವರು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ನಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಕೇಳಬಹುದು. ಆದರೆ ಪಾಳಿ ತಪ್ಪಿದರೆ ದಿನದ ಸಂಬಳ ಹೋಗುವ ಗುತ್ತಿಗೆ ನೌಕರ ಕೋರ್ಟಿಗೆ ಹೋಗುವುದಿಲ್ಲ. ಟೆಂಪೊ ಕರೆಸಿ ಮಂಚ, ಸಿಲಿಂಡರು, ಮಕ್ಕಳ ಸೈಕಲ್ಲು ಏರಿಸಿಕೊಂಡು ಇನ್ನೊಂದು ಸಾಲುಮನೆಗೆ ಹೋಗುತ್ತಾನೆ. ಅಲ್ಲಿ ಮತ್ತೆ ಅಡ್ವಾನ್ಸು ಕಟ್ಟಬೇಕು.

ಅಡ್ವಾನ್ಸಿನ ಲೆಕ್ಕವನ್ನು ಒಮ್ಮೆ ಹಾಕಿ ನೋಡೋಣ. ಬಾಡಿಗೆ 7,000 ರೂಪಾಯಿ ಎಂದಿಟ್ಟುಕೊಳ್ಳಿ. ಬೆಂಗಳೂರಿನ ಹತ್ತು ತಿಂಗಳ ರೂಢಿ ಇಲ್ಲಿಗೂ ಹಬ್ಬಿದೆ. ಅಂದರೆ 70,000. ಕೈಯಲ್ಲಿ ಅಷ್ಟಿಲ್ಲದವನು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಂತೆ ಸಾಲ ತಂದರೆ ತಿಂಗಳಿಗೆ 1,400 ಬಡ್ಡಿಯೇ ಆಯಿತು. 7,000ದ ಮನೆ ನಿಜವಾಗಿ 8,400ರ ಮನೆ. ಹೋಗುವಾಗ ಬಣ್ಣಕ್ಕೆ 7,000 ಮುರಿದುಕೊಂಡರೆ, ಒಂದು ವರ್ಷ ಇದ್ದವನಿಗೆ ಅದೂ ತಿಂಗಳಿಗೆ ಸುಮಾರು 600 ರೂಪಾಯಿ ಬೀಳುತ್ತದೆ. ಮನೆ ಬಿಟ್ಟ ದಿನವೇ ಹಣ ವಾಪಸು ಬರುವುದೂ ಅಪರೂಪ: ಹೊಸಬರು ಬಂದು ಅವರು ಕೊಟ್ಟ ಅಡ್ವಾನ್ಸಿನಲ್ಲಿ ಹಳಬರಿಗೆ ಕೊಡುವುದು ಮಾಮೂಲು. ಆ ನಡುವಿನ ದಿನಗಳಲ್ಲಿ ಹೊಸ ಮನೆಗೆ ಕಟ್ಟಲು ಮತ್ತೆ ಸಾಲ ಮಾಡಬೇಕಾಗುತ್ತದೆ. ಗಾರ್ಮೆಂಟ್ಸ್‌ನ ಹೆಣ್ಣುಮಗಳೊಬ್ಬಳು ಒಳ್ಳೆಯ ಸಂಬಳದ ಕೆಲಸ ದೇವನಹಳ್ಳಿಯಲ್ಲಿ ಸಿಕ್ಕರೂ ಹೋಗಲಿಲ್ಲ, ಅಡ್ವಾನ್ಸು ಬಿಡಿಸಿಕೊಳ್ಳಲು ಆಗಲಿಲ್ಲ ಎಂದು ನನಗೆ ಹೇಳಿದ್ದುಂಟು. ಅಡ್ವಾನ್ಸು ಮನುಷ್ಯನನ್ನು ಊರಿಗೇ ಕಟ್ಟಿಹಾಕುತ್ತದೆ.

2021ರ ಜೂನ್ 2ರಂದು ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಇದಕ್ಕೆ ಒಂದು ಉತ್ತರ ಕೊಡುತ್ತದೆ. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಕರಾರು ಲಿಖಿತವಾಗಿರಬೇಕು, ಎರಡು ತಿಂಗಳೊಳಗೆ ಬಾಡಿಗೆ ಪ್ರಾಧಿಕಾರಕ್ಕೆ ತಿಳಿಸಬೇಕು. ಮಾಲೀಕರು ಮನೆಯೊಳಗೆ ಬರುವುದಾದರೆ 24 ಗಂಟೆ ಮುಂಚೆ ಹೇಳಬೇಕು, ನೀರು, ಕರೆಂಟು ತಡೆಯಬಾರದು. ಮಾಲೀಕರ ಹಿತವೂ ಇದೆ. ಅವಧಿ ಮುಗಿದೂ ಮನೆ ಬಿಡದವರು ಮೊದಲ ಎರಡು ತಿಂಗಳು ಎರಡರಷ್ಟು, ಆಮೇಲೆ ನಾಲ್ಕರಷ್ಟು ಬಾಡಿಗೆ ತೆರಬೇಕು. ವ್ಯಾಜ್ಯಕ್ಕೆ ಪ್ರತ್ಯೇಕ ಬಾಡಿಗೆ ನ್ಯಾಯಾಲಯ. ಇದು ಮಾದರಿ ಮಾತ್ರ, ಒಪ್ಪುವುದು ರಾಜ್ಯಗಳಿಗೆ ಬಿಟ್ಟದ್ದು. ಕರ್ನಾಟಕ ಇನ್ನೂ ಒಪ್ಪಿಲ್ಲ. ನೆರೆಯ ತಮಿಳುನಾಡು ಅದಕ್ಕೂ ಮೊದಲೇ, 2017ರಲ್ಲಿ ತನ್ನದೇ ಕಾಯ್ದೆ ಮಾಡಿ 2019ರಿಂದ ಜಾರಿಗೆ ತಂದಿದೆ. ಅಲ್ಲಿ ಠೇವಣಿಯ ಮಿತಿ ಮೂರು ತಿಂಗಳು. ಮಹಾರಾಷ್ಟ್ರದಲ್ಲಿ ಕರಾರನ್ನು ನೋಂದಾಯಿಸುವ ಹೊಣೆ ಮಾಲೀಕರದ್ದು. ನೋಂದಾಯಿಸದಿದ್ದರೆ, ಬೇರೆ ಪುರಾವೆ ಇಲ್ಲದ ಪಕ್ಷದಲ್ಲಿ ಬಾಡಿಗೆದಾರನ ಮಾತನ್ನೇ ನ್ಯಾಯಾಲಯ ನಂಬುತ್ತದೆ. ಸಣ್ಣ ನಿಯಮ, ಆದರೆ ತಕ್ಕಡಿಯನ್ನು ಅದು ಸಮ ಮಾಡುತ್ತದೆ. ಆನ್‌ಲೈನ್ ನೋಂದಣಿಯ ಕಾವೇರಿ 2.0 ತಂತ್ರಾಂಶ ಬಂದ ಮೇಲೆ ನಮ್ಮಲ್ಲಿ ಇದು ಆಗದ ಕೆಲಸವೇನಲ್ಲ.

ಭೋಗ್ಯದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಹೊಸಕೋಟೆಯಲ್ಲಿ ಜನ ಇದನ್ನು ‘ಲೀಸ್’ ಎಂದೂ ಕರೆಯುತ್ತಾರೆ. ಐದೋ ಎಂಟೋ ಲಕ್ಷ ಒಟ್ಟಿಗೆ ಕೊಟ್ಟರೆ ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇರಬಹುದು, ಬಿಡುವಾಗ ಪೂರ್ತಿ ಹಣ ವಾಪಸು. ಊರಿನ ಜಮೀನು ಮಾರಿದ್ದು, ಹೆಂಡತಿಯ ಒಡವೆ ಅಡವಿಟ್ಟದ್ದು, ಪಿಎಫ್ ತೆಗೆದದ್ದು ಹೀಗೆ ಕೂಡಿಸಿ ಕೊಡುವವರೇ ಹೆಚ್ಚು. ತಿಂಗಳ ಬಾಡಿಗೆಯ ಕಾಟ ತಪ್ಪಿತು ಎಂಬ ನೆಮ್ಮದಿ ಅವರದು. ಆದರೆ ಕಾನೂನಿನ ಕಣ್ಣಲ್ಲಿ ಇಂಥ ವ್ಯವಹಾರ ಸ್ವಾಧೀನ ಅಡಮಾನಕ್ಕೆ ಹತ್ತಿರದ್ದು. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ವಾಧೀನ ಅಡಮಾನ ನೋಂದಣಿಯಾಗಲೇಬೇಕು ಎಂದು 1882ರ ಕಾಯ್ದೆಯ 59ನೇ ಸೆಕ್ಷನ್ ಹೇಳುತ್ತದೆ. ನಡೆಯುವುದೇ ಬೇರೆ. ಎಂಟು ಲಕ್ಷಕ್ಕೆ ಸಾಕ್ಷಿ ಒಂದು ಇ-ಸ್ಟಾಂಪ್ ಕಾಗದ, ಅದೂ ಹನ್ನೊಂದು ತಿಂಗಳ ಕರಾರಿನ ಹೆಸರಿನಲ್ಲಿ.

ಕೆಲವೊಮ್ಮೆ ಅದೇ ಮನೆಯ ಮೇಲೆ ಮಾಲೀಕರು ಬ್ಯಾಂಕಿನಲ್ಲಿ ಸಾಲ ಮಾಡಿರುತ್ತಾರೆ. ಕಂತು ನಿಂತರೆ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯ ಬಾಗಿಲಿಗೆ ನೋಟಿಸು ಅಂಟಿಸುತ್ತದೆ, ಮುಂದೆ ಹರಾಜು. ಮೊದಲೇ ಮಾಡಿದ ಬ್ಯಾಂಕಿನ ಅಡಮಾನದ ಮುಂದೆ ನೋಂದಣಿಯಾಗದ ಭೋಗ್ಯ ನಿಲ್ಲುವುದಿಲ್ಲ. ಹಣ ಕೊಟ್ಟವನು ಮಾಲೀಕನ ಮೇಲೆ ದಾವೆ ಹೂಡಬೇಕು, ಆ ಮಾಲೀಕ ಆಗಲೇ ದಿವಾಳಿ. ಬೆಂಗಳೂರಿನಲ್ಲಿ ಮಾಲೀಕರಿಂದ ತಿಂಗಳ ಬಾಡಿಗೆಗೆ ಮನೆ ಹಿಡಿದು, ಅದನ್ನೇ ಬೇರೆಯವರಿಗೆ ಭೋಗ್ಯಕ್ಕೆ ಕೊಟ್ಟು ಲಕ್ಷಗಟ್ಟಲೆ ಎತ್ತಿಕೊಂಡು ಬಾಗಿಲು ಮುಚ್ಚಿದ ದಲ್ಲಾಳಿಗಳ ಪ್ರಕರಣಗಳೂ ನಡೆದಿವೆ. ಜೀವಮಾನದ ಉಳಿತಾಯ ಹೀಗೆ ಹೋದವರ ಮುಖ ನೋಡುವುದು ಕಷ್ಟ.

ದಕ್ಷಿಣ ಕೊರಿಯಾದಲ್ಲಿ ನಮ್ಮ ಭೋಗ್ಯದಂಥದ್ದೇ ಒಂದು ಪದ್ಧತಿ ಇದೆ, ಹೆಸರು ‘ಜೊನ್‌ಸೆ’. ಅಲ್ಲಿ 1981ರಲ್ಲೇ ವಾಸದ ಮನೆಯ ಬಾಡಿಗೆದಾರರ ರಕ್ಷಣೆಗೆಂದು ಕಾಯ್ದೆ ಬಂತು. ಕಾಲಕ್ರಮದಲ್ಲಿ ಬಾಡಿಗೆದಾರರು ಆ ವಿಳಾಸಕ್ಕೆ ತಮ್ಮ ವಾಸ ನೋಂದಾಯಿಸಿ, ಕರಾರಿನ ಮೇಲೆ ತಾರೀಕಿನ ಸರ್ಕಾರಿ ಮುದ್ರೆ ಹಾಕಿಸಿಕೊಂಡರೆ, ಆಮೇಲೆ ಮಾಲೀಕರಿಗೆ ಸಾಲ ಕೊಟ್ಟವರಿಗಿಂತ ಅವರ ಹಣಕ್ಕೆ ಆದ್ಯತೆ ಸಿಗುವಂತಾಯಿತು. ಅಷ್ಟಿದ್ದೂ ಅಲ್ಲಿ ದೊಡ್ಡ ಮೋಸಗಳು ನಡೆದು, ಸಂತ್ರಸ್ತರಿಗಾಗಿ 2023ರ ಮೇನಲ್ಲಿ ವಿಶೇಷ ಕಾಯ್ದೆ ತರಬೇಕಾಯಿತು. ನಮ್ಮಲ್ಲಿ ಆ ಮುದ್ರೆಯಷ್ಟು ಸಣ್ಣ ರಕ್ಷಣೆಯೂ ಇಲ್ಲ. ಭೋಗ್ಯವನ್ನು ನಿಷೇಧಿಸುವುದರಿಂದ ಉಪಯೋಗವಿಲ್ಲ, ಅದು ಕದ್ದು ನಡೆಯುತ್ತದೆ. ಕಡಿಮೆ ಶುಲ್ಕದಲ್ಲಿ, ಒಂದೇ ಭೇಟಿಯಲ್ಲಿ ನೋಂದಣಿ ಆಗುವಂತೆ ಮಾಡಿದರೆ ಸಾಕು.

ಕರಾರು ನೆಟ್ಟಗಾದರೆ ಮನೆ ಅಗ್ಗವಾಗುತ್ತದೆಯೇ? ಇಲ್ಲ. ಮಾದರಿ ಕಾಯ್ದೆ ಬಾಡಿಗೆಗೆ ಮಿತಿ ಹಾಕುವುದಿಲ್ಲ, ಹಾಕಲೂಬಾರದು ಎಂಬುದು 1961ರ ಅನುಭವದ ಪಾಠ. ಕಡಿಮೆ ಬಾಡಿಗೆಯ ಮನೆಗಳ ಸಂಖ್ಯೆ ಹೆಚ್ಚದೆ ಬಾಡಿಗೆ ಇಳಿಯದು. ಕೇಂದ್ರದ ತಾಂತ್ರಿಕ ತಂಡ 2012ರಲ್ಲಿ ಅಂದಾಜಿಸಿದಂತೆ ದೇಶದ ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆ ಇತ್ತು, ಅದರಲ್ಲಿ ಶೇ 95ರಷ್ಟು ಬಡವರದು ಮತ್ತು ಕಡಿಮೆ ಆದಾಯದವರದು. ಅದೇ ಹೊತ್ತಿಗೆ 2011ರ ಜನಗಣತಿ ನಗರಗಳಲ್ಲಿ 1.1 ಕೋಟಿ ಮನೆಗಳು ಖಾಲಿ ಬಿದ್ದಿವೆ ಎಂದಿತು. ಹೊಸಕೋಟೆಯ ಸುತ್ತ ಇದನ್ನು ಕಣ್ಣಾರೆ ಕಾಣಬಹುದು. ಸಂಜೆ ದೀಪ ಹತ್ತದ ಫ್ಲಾಟುಗಳು ಒಂದು ಕಡೆ, ಕೋಣೆಗೆ ಐದು ಜನರಂತೆ ಮಲಗುವ ಸಾಲುಮನೆ ಇನ್ನೊಂದು ಕಡೆ.

ನಮ್ಮ ವಸತಿ ಯೋಜನೆಗಳೆಲ್ಲ ಸ್ವಂತ ಮನೆಯ ಕನಸಿನ ಮೇಲೆ ನಿಂತಿವೆ. ನಿವೇಶನ, ಸಬ್ಸಿಡಿ, ಸಾಲ. ಮೂರು ವರ್ಷ ದುಡಿದು ಯಾದಗಿರಿಗೆ ವಾಪಸು ಹೋಗುವವನಿಗೆ ಹೊಸಕೋಟೆಯಲ್ಲಿ ಸೈಟು ಏಕೆ? ಅವನಿಗೆ ಬೇಕಾದ್ದು ಗಾಳಿ, ನೀರು ಇರುವ ಬಾಡಿಗೆ ಮನೆ. 2020ರ ಲಾಕ್‌ಡೌನಿನಲ್ಲಿ ಕಾರ್ಮಿಕರು ನಡೆದೇ ಊರಿಗೆ ಹೊರಟ ಮೇಲೆ ದಿಲ್ಲಿಗೆ ಇದು ಹೊಳೆಯಿತು. ಆ ಜುಲೈನಲ್ಲಿ ಕೈಗೆಟುಕುವ ಬಾಡಿಗೆ ವಸತಿ ಸಂಕೀರ್ಣಗಳ ಯೋಜನೆ ಬಂತು. ಅದರ ಫಲ ನಮ್ಮ ಈ ರಸ್ತೆಯಲ್ಲಿ ಕಾಣುತ್ತಿಲ್ಲ. ತಮಿಳುನಾಡು ಶ್ರೀಪೆರಂಬದೂರು ಬಳಿಯ ವಲ್ಲಂ ವಡಗಾಲ್‌ನಲ್ಲಿ ಫಾಕ್ಸ್‌ಕಾನ್‌ನ ಮಹಿಳಾ ಕಾರ್ಮಿಕರಿಗಾಗಿ 18,720 ಮಂದಿ ಇರಬಹುದಾದ ವಸತಿ ಸಂಕೀರ್ಣವನ್ನು 2024ರ ಆಗಸ್ಟಿನಲ್ಲಿ ತೆರೆಯಿತು. ಕಟ್ಟಿದ್ದು ಅಲ್ಲಿನ ಸರ್ಕಾರಿ ಕೈಗಾರಿಕಾ ನಿಗಮವೇ. ಹಾಸ್ಟೆಲಿಗೂ ಮಿತಿಯಿದೆ: ಸಂಸಾರ ಇಡುವಂತಿಲ್ಲ, ಕೆಲಸ ಹೋದ ದಿನ ಹಾಸಿಗೆಯೂ ಹೋಗುತ್ತದೆ. ಆದರೂ ಕಾರ್ಖಾನೆಗೆ ಭೂಮಿ ಕೊಡುವ ಸಂಸ್ಥೆಯೇ ಕಾರ್ಮಿಕರಿಗೆ ಸೂರು ಕೊಡಬೇಕು ಎಂಬ ತತ್ವ ಅಲ್ಲಿ ಒಪ್ಪಿತವಾಯಿತು. ಕೆಐಎಡಿಬಿ ಹೊಸ ಬಡಾವಣೆ ಮಾಡುವಾಗ ಪ್ರತಿ ಸಲ ಒಂದಿಷ್ಟು ಎಕರೆ ಸಂಸಾರಸ್ಥರ ಬಾಡಿಗೆ ಮನೆಗೆ ಮೀಸಲಿಡಲಿ. ಸಾಲುಮನೆಯ ರೈತ ಒಡೆಯರಿಗೂ ಶೀಟು ತೆಗೆದು ತಾರಸಿ ಹಾಕಲು, ಕೋಣೆಗೊಂದು ಕಕ್ಕಸು, ಕೋಣೆಗೊಂದು ಮೀಟರು ಮಾಡಲು ಕಡಿಮೆ ಬಡ್ಡಿಯ ಸಾಲ ಸಿಗಲಿ. ಇಂದು ಕಾರ್ಮಿಕರಿಗೆ ಮನೆ ಕೊಟ್ಟಿರುವವರು ಅವರೇ. ಅವರನ್ನು ಬಿಟ್ಟು ಯಾವ ಯೋಜನೆಯೂ ನಿಲ್ಲದು.

ಹಣ ಹೊಂದಿಸಿದ ಮೇಲೂ ಕೆಲವರಿಗೆ ಬಾಗಿಲು ತೆರೆಯುವುದಿಲ್ಲ. ಟು-ಲೆಟ್ ಬೋರ್ಡು ನೋಡಿ ಒಳಗೆ ಹೋದವರಿಗೆ ಎರಡನೇ ಪ್ರಶ್ನೆಯೇ ‘ನೀವು ಯಾವ ಜನ?’ 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದ ಅಂಬೇಡ್ಕರ್ ಅವರನ್ನು ಪಾರ್ಸಿ ತಂಗುದಾಣದಿಂದ ಹೊರಹಾಕಲಾಯಿತು. ನೂರು ವರ್ಷ ದಾಟಿದೆ. ಹೊಸಕೋಟೆಯಲ್ಲಿ ದಲಿತರೂ ಮುಸ್ಲಿಮರೂ ಮನೆ ಹುಡುಕಿದ ಅನುಭವವನ್ನು ಒಮ್ಮೆ ಕೂತು ಕೇಳಿದರೆ ಆ ಪ್ರಶ್ನೆಯ ಭಾರ ತಿಳಿಯುತ್ತದೆ. ಮಾದರಿ ಕಾಯ್ದೆಯಲ್ಲೂ ಈ ತಾರತಮ್ಯದ ಬಗ್ಗೆ ಒಂದು ಮಾತಿಲ್ಲ. ಕರ್ನಾಟಕ ತನ್ನ ಕಾಯ್ದೆ ಬರೆಯುವಾಗ ಅದನ್ನು ಸೇರಿಸಬೇಕು.

ಕಾನೂನು ಬರುವ ತನಕ ಕಾಯಬೇಕಾಗಿಲ್ಲದ ಕೆಲವು ಕೆಲಸಗಳಿವೆ. ಬಾಡಿಗೆಗೆ ಹೋಗುವವರು ಅಡ್ವಾನ್ಸನ್ನೂ ಬಾಡಿಗೆಯನ್ನೂ ಬ್ಯಾಂಕಿನ ಮೂಲಕವೇ ಕೊಡಿ, ಅದೇ ನಾಳೆಯ ಸಾಕ್ಷಿ. ಭೋಗ್ಯಕ್ಕೆ ಹೋಗುವವರು ಹಣ ಕೊಡುವ ಮೊದಲು ಸಬ್‌ರಿಜಿಸ್ಟ್ರಾರ್ ಕಚೇರಿಯಿಂದ ಋಣಭಾರ ಪತ್ರ (ಇ.ಸಿ.) ತೆಗೆಸಿ, ಬ್ಯಾಂಕು ಅಡಮಾನಗಳ ಕೇಂದ್ರ ದಾಖಲೆಯಾದ ಸೆರ್ಸೈನಲ್ಲಿ ಆ ಆಸ್ತಿಯನ್ನು ಹುಡುಕಿಸಿ, ಪತ್ರವನ್ನು ನೋಂದಣಿ ಮಾಡಿಸಿ. ಶುಲ್ಕ ಹೆಚ್ಚೆನಿಸಿದರೂ ಎಂಟು ಲಕ್ಷಕ್ಕಿಂತ ಹೆಚ್ಚಲ್ಲ. ಮನೆ ಬಾಡಿಗೆಗೆ ಕೊಡುವ ಹೊಸಕೋಟೆಯ ಹಿರಿಯರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಕರಾರಿನ ಒಂದು ಪ್ರತಿಯನ್ನು ಬಾಡಿಗೆದಾರರ ಕೈಗೂ ಕೊಡಿ, ಅಡ್ವಾನ್ಸಿಗೆ ರಸೀದಿ ಬರೆದುಕೊಡಿ, ಅದು ವಾಪಸು ಕೊಡುವ ದಿನವನ್ನು ಆ ಪತ್ರದಲ್ಲೇ ಸೇರಿಸಿ.